ತುಟಿಗೂ ಹಿತ್ತಾಳೆಗೂ ನಡುವೆ

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯ ಹಿರಿಯರು ಅಪ್ಪಣೆ ಮಾಡಿದ್ದಾರೆ. ಶಾಲೆ ಬೆಳೆದು ಬಂದ ಬಗೆಯನ್ನೂ ಗುರುಗಳ ಉಪಕಾರವನ್ನೂ ನನಗಿಂತ ಚೆನ್ನಾಗಿ ಬರೆಯಬಲ್ಲವರು ನಮ್ಮಲ್ಲಿ ಅನೇಕರಿದ್ದಾರೆ. ನಾನು ಸೊಲ್ಲಾಪುರದ ಮಗ್ಗಗಳ ಬಿಡಿಭಾಗ ತಯಾರಿಸುವ ಕಾರ್ಖಾನೆಯಲ್ಲಿ ಲೇಥ್ ಯಂತ್ರದ ಮುಂದೆ ನಿಂತು ಬಾಳು ಕಳೆದವನು. ನನಗೆ ಗೊತ್ತಿರುವುದು ಲೋಹ, ಅದರ ಅಳತೆ ಮತ್ತು ಅದರ ಹೊಳಪು. ಆದುದರಿಂದ ಸುಮಾರು ಮೂರೂವರೆ ಅಂಗುಲ ಉದ್ದದ ಒಂದು ಹಿತ್ತಾಳೆಯ ತುಣುಕಿನ ವಿಷಯವನ್ನೇ ಆರಿಸಿಕೊಂಡಿದ್ದೇನೆ. ಟ್ರಂಪೆಟ್ಟಿನ ತುದಿಗೆ ಸಿಕ್ಕಿಸಿ ತುಟಿಗೆ ಒತ್ತಿಕೊಳ್ಳುವ ಮೌತ್‌ಪೀಸೇ ಆ ತುಣುಕು. ಶಾಲೆಯ ಹಳೆಯ ಬ್ಯಾಂಡ್ ಸಾಮಾನನ್ನು ಗುಜರಿಗೆ ಹಾಕಬೇಕೋ ಉಳಿಸಿಕೊಳ್ಳಬೇಕೋ ಎಂಬ ಪ್ರಶ್ನೆ ಈಗ ಮಹೋತ್ಸವ ಸಮಿತಿಯ ಮುಂದಿರುವುದರಿಂದ, ಈ ವಿಷಯ ಅಪ್ರಸ್ತುತವಾಗಲಾರದೆಂದು ನಂಬಿದ್ದೇನೆ.

ನಮ್ಮ ಊರಿನವರಿಗೆ ಊದುವ ವಾದ್ಯ ಹೊಸದಲ್ಲ. ಮಕರ ಸಂಕ್ರಮಣದ ಸಮಯದಲ್ಲಿ ಸಿದ್ಧರಾಮೇಶ್ವರರ ಜಾತ್ರೆಯಲ್ಲಿ ನಂದಿಧ್ವಜಗಳು ಹೊರಟಾಗ, ಮನೆಯ ಮುಂದೆ ಹಂದರ ಹಾಕಿದಾಗ, ಗಣಪತಿಯನ್ನು ಕಳಿಸುವಾಗ ಹಲಗಿ, ಸನಾದಿ, ಬ್ಯಾಂಡುಗಳ ಸದ್ದು ಕೇಳುತ್ತಲೇ ಬೆಳೆದವರು ನಾವು. ಸನಾದಿಯಲ್ಲಿ ನಾಲಿಗೆಯಂತಹ ಒಂದು ಎಸಳು ಇರುತ್ತದೆ. ಉಸಿರು ತಗುಲಿದರೆ ಅದು ಅದುರಿ ನಾದ ಹುಟ್ಟುತ್ತದೆ. ಹಿತ್ತಾಳೆಯ ವಾದ್ಯದಲ್ಲಿ ಅಂತಹ ಎಸಳು ಇಲ್ಲ. ಅಲ್ಲಿ ಅದುರುವುದು ನುಡಿಸುವವನ ತುಟಿಯೇ. ವಾದ್ಯವನ್ನು ತೆಗೆದಿಟ್ಟು ಬರಿಯ ಮೌತ್‌ಪೀಸನ್ನು ತುಟಿಗಿಟ್ಟು ಊದಿದರೆ ದುಂಬಿಯ ಝೇಂಕಾರದಂತಹ ಒಂದು ಒರಟು ದನಿ ಬರುತ್ತದೆ. ಆ ಒರಟು ದನಿಯೇ ನಾಳದ ಒಳಗೆ ಹೋಗಿ ಸಂಗೀತವಾಗಿ ಹೊರಬರುತ್ತದೆ. ಈ ಮಾರ್ಪಾಡಿನಲ್ಲಿ ಮೌತ್‌ಪೀಸಿನ ಪಾತ್ರ ಎಷ್ಟು ದೊಡ್ಡದೆಂಬುದು ಮೆರವಣಿಗೆಯಲ್ಲಿ ಕುಣಿಯುವವರಿಗೆ ಹೊಳೆಯುವ ಸಂಗತಿಯಲ್ಲ.

ನನಗೆ ಇದರ ಮೊದಲ ಪಾಠ ದೊರೆತದ್ದು ನಮ್ಮ ಶಾಲೆಯಲ್ಲಿಯೇ. ವಿಜ್ಞಾನದ ಗುರುಗಳು ನೀರು ತುಂಬಿದ ಉದ್ದನೆಯ ಗಾಜಿನ ಕೊಳವೆಯ ಬಾಯಿಗೆ ಶ್ರುತಿಕವೆಯನ್ನು ಹಿಡಿದು, ನೀರನ್ನು ಮೆಲ್ಲಗೆ ಇಳಿಸುತ್ತ ಹೋದರು. ಒಂದು ಮಟ್ಟಕ್ಕೆ ಬಂದಾಗ ಕೊಳವೆ ತಾನಾಗಿಯೇ ಕೂಗಿತು. 'ಅನುನಾದ' ಎಂಬ ಶಬ್ದವನ್ನು ಅವರು ಹಲಗೆಯ ಮೇಲೆ ಬರೆದರು. ಅನು ಎಂದರೆ ಹಿಂಬಾಲಿಸಿ ಬರುವುದು, ನಾದವನ್ನು ಹಿಂಬಾಲಿಸಿ ಬರುವ ನಾದ ಎಂದು ಬಿಡಿಸಿ ಹೇಳಿದರು. ಒಂದು ತುದಿ ಮುಚ್ಚಿದ ಕೊಳವೆಯಲ್ಲಿ ಅನುನಾದಗಳು 1, 3, 5, 7 ಎಂಬ ಬೆಸ ಪ್ರಮಾಣದಲ್ಲಿ ಮಾತ್ರ ಬರುತ್ತವೆಂದು ಲೆಕ್ಕ ಮಾಡಿಸಿದರು. ನನ್ನ ಸೋದರಮಾವ ಮದುವೆಯ ಬ್ಯಾಂಡಿನಲ್ಲಿ ಟ್ರಂಪೆಟ್ ನುಡಿಸುತ್ತಿದ್ದುದರಿಂದ ನನಗೆ ಅಲ್ಲಿಯೇ ಒಂದು ಸಂಶಯ ಹುಟ್ಟಿತು. ವಾಲ್ವ್ ಒಂದನ್ನೂ ಒತ್ತದೆ ಮಾಮಾ ತುಟಿಯ ಬಿಗಿಯಿಂದಲೇ ಷಡ್ಜ, ಪಂಚಮ, ಮೇಲಿನ ಷಡ್ಜ, ಗಾಂಧಾರ, ಮತ್ತೆ ಪಂಚಮ ತೆಗೆಯುತ್ತಿದ್ದರು. ಅವುಗಳ ಪ್ರಮಾಣ 2, 3, 4, 5, 6. ಟ್ರಂಪೆಟ್ಟಿನ ಒಂದು ತುದಿಯನ್ನು ತುಟಿ ಮುಚ್ಚಿಯೇ ಇರುತ್ತದಲ್ಲ, ಹಾಗಿದ್ದರೆ ಸಮಸಂಖ್ಯೆಯ ಸ್ವರಗಳು ಬಂದದ್ದೆಲ್ಲಿಂದ? ಗುರುಗಳು ಕೇಳಿ ಸಂತೋಷಪಟ್ಟರು. "ಈ ಪ್ರಶ್ನೆ ಪುಸ್ತಕದೊಳಗ ಇಲ್ಲ, ನೀನು ಇಟ್ಟುಕೊ" ಎಂದರು. ನಾನು ಅದನ್ನು ಬಹಳ ವರ್ಷ ಇಟ್ಟುಕೊಂಡೆ.

ಮೌತ್‌ಪೀಸಿನ ರಚನೆಯನ್ನು ಮೊದಲು ಹೇಳಿಬಿಡುತ್ತೇನೆ. ತುಟಿ ಕೂಡುವ ದುಂಡನೆಯ ಭಾಗ ಅಂಚು. ಅಂಚಿನ ಒಳಗಿನ ಗುಳಿ ಬಟ್ಟಲು. ಬಟ್ಟಲಿನ ತಳದಲ್ಲಿರುವ ಕಿರಿದಾದ ತೂತು ಗಂಟಲು. ಗಂಟಲಿನ ಆಚೆ ಮೆಲ್ಲಗೆ ಅಗಲವಾಗುತ್ತ ಹೋಗುವ ದಾರಿ ಹಿಂಗೊಳವೆ. ಅದರ ಹೊರಮೈ ಇಳಿಜಾರಾಗಿದ್ದು ವಾದ್ಯದೊಳಗೆ ಬಿಗಿಯಾಗಿ ಕೂಡುತ್ತದೆ, ಅದು ಬಾಲ. ಟ್ರಂಪೆಟ್ಟಿನ ಬಟ್ಟಲಿನ ಅಗಲ ಸಾಮಾನ್ಯವಾಗಿ 16ರಿಂದ 17 ಮಿಲಿಮೀಟರ್. ಟ್ರೊಂಬೋನಿನದು 25 ಮಿಲಿಮೀಟರ್ ಸಮೀಪ, ಟ್ಯೂಬಾದ್ದು 32ರ ಆಸುಪಾಸು. ಟ್ರಂಪೆಟ್ಟಿನ ಗಂಟಲು ಸುಮಾರು 3.7 ಮಿಲಿಮೀಟರ್ ಮಾತ್ರ. ಮೆರವಣಿಗೆಯನ್ನು ತುಂಬುವ ಸದ್ದೆಲ್ಲ ಅಕ್ಕಿಯ ಕಾಳೊಂದು ಅಡ್ಡಬಿದ್ದರೆ ಕಟ್ಟಿಹೋಗುವಂತಹ ಆ ಸಂದಿಯಲ್ಲಿ ಹಾದುಹೋಗಬೇಕು.

ಈ ಅಳತೆಗಳು ನನ್ನ ಬದುಕಿನಲ್ಲಿ ಪ್ರವೇಶಿಸಿದ್ದು ಒಂದು ಕಷ್ಟದ ಮೂಲಕ. ಒಂದು ಮದುವೆಯ ಮೆರವಣಿಗೆಯಲ್ಲಿ ಕುಣಿಯುತ್ತಿದ್ದವನೊಬ್ಬನ ಮೊಣಕೈ ಮಾಮಾನ ಟ್ರಂಪೆಟ್ಟಿಗೆ ತಗುಲಿ, ಹಿತ್ತಾಳೆ ಬಾಯಿಗೆ ಬಡಿದು, ಮೇಲಿನ ಮುಂದಿನ ಹಲ್ಲೊಂದು ಮುರಿಯಿತು. ಅದರ ಪಕ್ಕದ್ದು ಸಡಿಲಾಗಿ ಕೆಲವು ತಿಂಗಳಲ್ಲಿ ಬಿದ್ದಿತು. ಹಲ್ಲು ಕಟ್ಟಿಸಿದ್ದಾಯಿತು. ಆದರೆ ಹಳೆಯ ಮೌತ್‌ಪೀಸಿನ ಕಿರಿದಾದ, ಚೂಪಾದ ಅಂಚು ಕಟ್ಟಿಸಿದ ಹಲ್ಲಿನ ಮೇಲೆ ಕೂತಾಗ ಒಸಡು ನೋಯುತ್ತಿತ್ತು, ತುಟಿ ಕತ್ತರಿಸಿ ರಕ್ತ ಬರುತ್ತಿತ್ತು. ಹಿತ್ತಾಳೆ ವಾದ್ಯ ನುಡಿಸುವವನಿಗೆ ಮುಂದಿನ ಹಲ್ಲು ಎಂದರೆ ಮನೆಯ ಅಡಿಗಲ್ಲು. ಅದು ಜರುಗಿದರೆ ಮೇಲಿನದೆಲ್ಲ ಜರುಗಿತು. ಬ್ಯಾಂಡಿನ ಯಜಮಾನರು ಮಾಮಾನಿಗೆ ಝಾಂಜ್ ಬಾರಿಸುವ ಕೆಲಸ ಕೊಟ್ಟರು. ಕೂಲಿ ಅರ್ಧಕ್ಕಿಳಿಯಿತು. ಮನೆಯಲ್ಲಿ ಮದುವೆಗೆ ಬಂದ ಇಬ್ಬರು ಹೆಣ್ಣುಮಕ್ಕಳಿದ್ದರು. ಇಪ್ಪತ್ತು ವರ್ಷ ಎಲ್ಲರಿಗಿಂತ ಮುಂದೆ ನಡೆದವರು ಸಾಲಿನ ಹಿಂದೆ ನಡೆಯತೊಡಗಿದರು. ಅದರ ಬಗ್ಗೆ ಒಂದು ಮಾತನ್ನೂ ಆಡಲಿಲ್ಲ. ಆಡದೆ ಇದ್ದದ್ದೇ ನಮಗೆ ಹೆಚ್ಚು ನೋವಾಯಿತು.

ನಾನು ಆಗ ಕಾರ್ಖಾನೆಯಲ್ಲಿ ಕೆಲಸ ಕಲಿತು ಕೈ ಕುದುರಿದ್ದ ಕಾಲ. ಮಾಲೀಕರ ಅನುಮತಿ ಪಡೆದು, ಪಾಳಿ ಮುಗಿದ ಮೇಲೆ, ಹಿತ್ತಾಳೆಯ ಸರಳಿನಿಂದ ನಾಲ್ಕು ಮೌತ್‌ಪೀಸುಗಳನ್ನು ಕಡೆದೆ. ನಾಲ್ಕಕ್ಕೂ ಅಂಚು ಒಂದೇ ತೆರ: ಹಳೆಯದಕ್ಕಿಂತ ಅಗಲ, ಒಳಮೂಲೆ ನುಣುಪಾಗಿ ದುಂಡಗೆ. ಒತ್ತಡ ಒಂದು ಗೆರೆಯ ಮೇಲೆ ಬೀಳದೆ ಹರಡಿಕೊಳ್ಳಲೆಂಬುದು ಉದ್ದೇಶ. ನಾಲ್ಕಕ್ಕೂ ಗಂಟಲು ಒಂದೇ, ಹಿಂಗೊಳವೆ ಒಂದೇ. ಬಾಲದ ಇಳಿಜಾರು ಉದ್ದ ಇಪ್ಪತ್ತಕ್ಕೆ ದಪ್ಪ ಒಂದರಷ್ಟು. ಅದನ್ನು ಹಳೆಯ ಮೌತ್‌ಪೀಸಿಗೆ ತಾಳೆ ನೋಡಿ ಮಾಡಿದೆ. ವ್ಯತ್ಯಾಸವಿದ್ದದ್ದು ಬಟ್ಟಲಿನಲ್ಲಿ ಮಾತ್ರ. ಒಂದರ ಬಟ್ಟಲು ತಟ್ಟೆಯಂತೆ ಆಳವಿಲ್ಲದ್ದು, ಎರಡನೆಯದು ಮಧ್ಯಮ, ಮೂರನೆಯದು ಆಳವಾದದ್ದು, ನಾಲ್ಕನೆಯದು ಬಟ್ಟಲೇ ಅಲ್ಲದೆ ಎಣ್ಣೆ ಸುರಿಯುವ ಆಲಿಕೆಯಂತೆ ಇಳಿಯುವುದು. ಒಂದೊಂದು ಸಂಗತಿಯನ್ನೇ ಬದಲಿಸಿ ನೋಡಬೇಕು, ಎರಡನ್ನು ಒಮ್ಮೆಗೇ ಬದಲಿಸಿದರೆ ಕಾರಣ ತಿಳಿಯದು ಎಂಬುದೂ ಗಾಜಿನ ಕೊಳವೆಯ ಮುಂದೆ ಗುರುಗಳು ಹೇಳಿದ ಮಾತೇ ಆಗಿತ್ತು.

ಒಂದು ಭಾನುವಾರ ಮಾಮಾ ಒಳಕೋಣೆಯಲ್ಲಿ ನಿಂತು ಒಂದೇ ಹಾಡನ್ನು ನಾಲ್ಕು ಸಲ ನುಡಿಸಿದರು. ನನ್ನ ತಾಯಿಯೂ ನೆರೆಮನೆಯ ಹಲಗಿ ಬಾರಿಸುವ ಹಿರಿಯರೊಬ್ಬರೂ ಪಡಸಾಲೆಯಲ್ಲಿ ಕುಳಿತು ಕೇಳಿದರು. ಯಾವುದು ಯಾವಾಗ ಬಂತೆಂದು ಅವರಿಗೆ ಹೇಳಿರಲಿಲ್ಲ. ಆಳವಿಲ್ಲದ ಬಟ್ಟಲಿನ ದನಿ ಬಿಸಿಲಿಗೆ ಹಿಡಿದ ತಗಡಿನಂತೆ ಹೊಳೆಯಿತು. ಮೇಲಿನ ಸ್ವರಗಳು ಸುಲಭವಾಗಿ ಬಂದವು, ಆದರೆ ಮಾಮಾನ ದಪ್ಪ ತುಟಿ ಬಟ್ಟಲಿನ ತಳಕ್ಕೆ ತಾಗಿ ದನಿ ನಡುನಡುವೆ ಕಡಿಯಿತು. ಆಳವಾದದ್ದು ದುಂಡಗೆ, ತುಂಬಿಕೊಂಡಂತೆ ಕೇಳಿತು. ಕೆಳಗಿನ ಸ್ವರಗಳು ಹಿತವಾದವು, ಮೇಲಿನವು ಶ್ರುತಿಗಿಂತ ಒಂದಿಷ್ಟು ಇಳಿದವು. ಆಲಿಕೆಯಂತಹದು ಇನ್ನೂ ಮೆದು. ತಾಯಿ ಅದನ್ನು ಕೇಳಿ, "ಇದು ಮಂದಿ ಕುಣಿಯೂದಕ್ಕಲ್ಲ, ದೇವರ ಮುಂದ ಹಾಡೂದಕ್ಕ" ಎಂದರು. ಮಧ್ಯಮ ಬಟ್ಟಲು ಬಂದಾಗ ಹಲಗಿಯ ಹಿರಿಯರು, "ಇದs ನೋಡ್ರಿ ನಿಮ್ಮ ದನಿ" ಎಂದು ಎದ್ದು ನಿಂತರು. ಮಾಮಾ ಹೊರಗೆ ಬಂದು, "ತಮ್ಮಾ, ಇದು ಬಾಯಿ ಹಿಡೀತು" ಎಂದಷ್ಟೇ ಹೇಳಿದರು.

ನಾಲ್ಕರಲ್ಲಿ ಬಳಕೆಗೆ ಬಾರದ ಮೊದಲನೆಯದರ ಗಂಟಲನ್ನು 4 ಮಿಲಿಮೀಟರಿಗೆ ಹಿಗ್ಗಿಸಿ ಇನ್ನೊಂದು ಪರೀಕ್ಷೆ ಮಾಡಿದೆವು. ಸದ್ದು ಹೆಚ್ಚಾಯಿತು, ಜೊತೆಗೆ ಉಸಿರಿನ ಖರ್ಚೂ ಹೆಚ್ಚಾಯಿತು. ಕೋಣೆಯಲ್ಲಿ ಐದು ನಿಮಿಷ ನುಡಿಸಲು ಅದು ಚೆನ್ನ. ಮೂರು ತಾಸಿನ ಮೆರವಣಿಗೆಗೆ ಅಲ್ಲ. ಗಂಟಲು ತೀರ ಕಿರಿದಾದರೆ ದನಿ ಕಟ್ಟಿದಂತಾಗುತ್ತದೆ, ತೀರ ಅಗಲವಾದರೆ ತುಟಿಗೆ ಆಸರೆಯೇ ಇಲ್ಲದಂತಾಗುತ್ತದೆ. ಒಂದು ಮಿಲಿಮೀಟರಿನ ಮೂರನೆಯ ಒಂದು ಭಾಗದ ವ್ಯತ್ಯಾಸ ಇಷ್ಟು ಮಾಡಬಲ್ಲದೆಂಬುದನ್ನು ಮಗ್ಗದ ಬಿಡಿಭಾಗ ಕಡೆಯುತ್ತಿದ್ದ ನಾನು ಆ ದಿನ ಕಿವಿಯಿಂದ ಕಲಿತೆ. ಕೆಲವು ವಾರಗಳ ಅಭ್ಯಾಸದ ಮೇಲೆ ಮಾಮಾ ಮತ್ತೆ ಟ್ರಂಪೆಟ್ಟಿಗೆ ಮರಳಿದರು. ತೀರ ಮೇಲಿನ ಸ್ವರಗಳು ಅವರಿಗೆ ಮರಳಿ ಬರಲಿಲ್ಲ. ಮುಂದಾಳಿನ ಬದಲು ಎರಡನೆಯ ಟ್ರಂಪೆಟ್ ನುಡಿಸಿದರು. ಆದರೆ ಕೂಲಿ ಬಂತು, ಸಾಲಿನಲ್ಲಿ ಸ್ಥಾನ ಬಂತು. ಇಬ್ಬರು ಹೆಣ್ಣುಮಕ್ಕಳ ಮದುವೆಯೂ ಆಯಿತು. ಆ ಎರಡೂ ಮದುವೆಗಳಲ್ಲಿ ತಂದೆಯೇ ಊದಿದರು.

ನಾನು ಇಟ್ಟುಕೊಂಡಿದ್ದ ಪ್ರಶ್ನೆಗೆ ಉತ್ತರ ದೊರೆತದ್ದು ಇನ್ನೂ ತಡವಾಗಿ. ಆರ್ಥರ್ ಬೆನೇಡ್ ಎಂಬ ಅಮೆರಿಕದ ಭೌತವಿಜ್ಞಾನಿ ಸಂಗೀತ ವಾದ್ಯಗಳ ಧ್ವನಿಶಾಸ್ತ್ರವನ್ನು ಕುರಿತು 1976ರಲ್ಲಿ ಪ್ರಕಟಿಸಿದ ದೊಡ್ಡ ಗ್ರಂಥವೊಂದಿದೆ. ಇಂಜಿನಿಯರಿಂಗ್ ಓದುತ್ತಿದ್ದ ನನ್ನ ಮಗ ಅದರ ವಿಚಾರಗಳನ್ನು ನನಗೆ ಕನ್ನಡದಲ್ಲಿ ತಿಳಿಸಿಕೊಟ್ಟನು. ನೇರ ಕೊಳವೆಗೆ ಬೆಸ ಪ್ರಮಾಣದ ಅನುನಾದಗಳೇ ಸಹಜ. ಆದರೆ ಟ್ರಂಪೆಟ್ಟಿನ ಆ ತುದಿಯಲ್ಲಿ ಹೂವಿನಂತೆ ಅರಳಿದ ಬಾಯಿ ಇದೆ. ಈ ತುದಿಯಲ್ಲಿ ಮೌತ್‌ಪೀಸ್ ಇದೆ. ಕೆಳಗಿನ ಸ್ವರಗಳ ಅಲೆ ಅರಳಿದ ಬಾಯಿಯ ಕೊನೆಯವರೆಗೆ ಹೋಗದೆ ಮೊದಲೇ ಹಿಂದಿರುಗುವುದರಿಂದ ಅವುಗಳ ಪಾಲಿಗೆ ಕೊಳವೆ ಗಿಡ್ಡದಾಗುತ್ತದೆ, ಅವು ಮೇಲೇರುತ್ತವೆ. ಮೇಲಿನ ಸ್ವರಗಳ ಪಾಲಿಗೆ ಮೌತ್‌ಪೀಸು ತನ್ನ ನಿಜವಾದ ಉದ್ದಕ್ಕಿಂತ ಹೆಚ್ಚು ಉದ್ದವಾಗಿ ವರ್ತಿಸುತ್ತದೆ, ಆದ್ದರಿಂದ ಅವು ಕೆಳಗಿಳಿಯುತ್ತವೆ. ಹೀಗೆ ಎರಡು ಕಡೆಯಿಂದಲೂ ಒತ್ತರಿಸಿಕೊಂಡು, ತೀರ ಕೆಳಗಿನ ಒಂದನ್ನು ಬಿಟ್ಟರೆ, ಬೆಸ ಸಾಲು 2, 3, 4, 5, 6 ಎಂಬ ಸುಸ್ವರದ ಸಾಲಾಗುತ್ತದೆ. ಮೌತ್‌ಪೀಸ್ ಇಲ್ಲದೆ ಟ್ರಂಪೆಟ್ಟಿಗೆ ಶ್ರುತಿಯೇ ಇಲ್ಲವೆಂದು ಇದರ ಅರ್ಥ. ಮಾಮಾ ಆಳವಾದ ಬಟ್ಟಲಿನಲ್ಲಿ ನುಡಿಸಿದಾಗ ಮೇಲಿನ ಸ್ವರಗಳು ಇಳಿದದ್ದೇಕೆಂಬುದೂ ಇಲ್ಲಿಯೇ ತಿಳಿಯುತ್ತದೆ: ಬಟ್ಟಲು ದೊಡ್ಡದಾದಷ್ಟೂ ಆ ಇಳಿಕೆ ಹೆಚ್ಚು.

ಮೌತ್‌ಪೀಸಿಗೆ ತನ್ನದೇ ಆದ ಒಂದು ಸ್ವರವೂ ಇದೆ. ಅದರ ಅಂಚನ್ನು ಅಂಗೈಗೆ ತಟ್ಟಿದರೆ 'ಟೊಪ್' ಎಂದು ಸದ್ದಾಗುತ್ತದೆ. ಗಡಿಗೆಯ ಬಾಯಿಗೆ ತಟ್ಟಿದಾಗ ಬರುವ ಸದ್ದಿನ ಜಾತಿಯೇ ಅದು. ಬಟ್ಟಲು ಚಿಕ್ಕದಾದರೆ ಆ ಸದ್ದು ಮೇಲೇರುತ್ತದೆ, ದೊಡ್ಡದಾದರೆ ಇಳಿಯುತ್ತದೆ. ಆ ಸ್ವರದ ಸುತ್ತಮುತ್ತ ಬರುವ ವಾದ್ಯದ ಅನುನಾದಗಳಿಗೆ ಮೌತ್‌ಪೀಸು ಬಲ ಕೊಡುತ್ತದೆ. ಆಳವಿಲ್ಲದ ಬಟ್ಟಲು ಮೇಲಿನ ಅನುನಾದಗಳಿಗೆ ಬಲ ಕೊಟ್ಟು ದನಿಯನ್ನು ಹೊಳೆಯಿಸುತ್ತದೆ. ಆಳವಾದದ್ದು ದನಿಯನ್ನು ಮೃದುಗೊಳಿಸುತ್ತದೆ. ನನ್ನ ತಾಯಿ ಪಡಸಾಲೆಯಲ್ಲಿ ಕುಳಿತು ಕಿವಿಯಿಂದ ಹೇಳಿದ್ದನ್ನೇ ಗ್ರಂಥ ಲೆಕ್ಕದಿಂದ ಹೇಳುತ್ತಿತ್ತು.

ಈ ತಿಳಿವು ಬೇರೆ ಬೇರೆ ವಾದ್ಯಗಳ ಸ್ವಭಾವವನ್ನೂ ವಿವರಿಸುತ್ತದೆ. ಕಾರ್ನೆಟ್ಟಿನ ಬಟ್ಟಲು ಟ್ರಂಪೆಟ್ಟಿನದಕ್ಕಿಂತ ಆಳವಾಗಿರುವುದು ವಾಡಿಕೆ. ಅದಕ್ಕೇ ಅದರ ದನಿ ಮೆದು. ಫ್ರೆಂಚ್ ಹಾರ್ನ್ ಎಂಬ ಸುರುಳಿ ಕಹಳೆಯ ಮೌತ್‌ಪೀಸು ಆಲಿಕೆಯ ಆಕಾರದ್ದು. ಅದರ ನಾದ ದೂರದ ಬೆಟ್ಟದಾಚೆಯಿಂದ ಬಂದಂತಿರುತ್ತದೆ. ಈ ವಿದ್ಯೆಗೆ ಅಂಕಿಗಳ ಶಿಸ್ತು ತಂದವರಲ್ಲಿ ವಿನ್ಸೆಂಟ್ ಬಾಕ್ ಪ್ರಮುಖರು. 1890ರಲ್ಲಿ ಆಸ್ಟ್ರಿಯದಲ್ಲಿ ಹುಟ್ಟಿ, ಇಂಜಿನಿಯರಿಂಗ್ ಓದಿ, ಟ್ರಂಪೆಟ್ ವಾದಕರಾಗಿ 1914ರಲ್ಲಿ ಅಮೆರಿಕಕ್ಕೆ ಹೋದ ಅವರು, 1918ರಲ್ಲಿ ನ್ಯೂಯಾರ್ಕಿನಲ್ಲಿ ಲೇಥ್ ಇಟ್ಟುಕೊಂಡು ಮೌತ್‌ಪೀಸ್ ತಯಾರಿಕೆ ಆರಂಭಿಸಿದರು. ರಿಪೇರಿಗೆ ಕೊಟ್ಟ ತಮ್ಮ ಮೌತ್‌ಪೀಸ್ ಕೆಟ್ಟುಬಂದದ್ದೇ ಅದಕ್ಕೆ ಪ್ರೇರಣೆಯೆಂದು ಹೇಳುತ್ತಾರೆ. ಅವರ ಪದ್ಧತಿಯಲ್ಲಿ ಅಂಕಿ ಬಟ್ಟಲಿನ ಅಗಲವನ್ನೂ ಅಕ್ಷರ ಆಳವನ್ನೂ ಸೂಚಿಸುತ್ತದೆ. ಅಂಕಿ ಚಿಕ್ಕದಾದಷ್ಟೂ ಬಟ್ಟಲು ಅಗಲ. ಅಕ್ಷರ ಎ ಆದರೆ ಆಳ, ಇ ಆದರೆ ತೆಳು. ಕಲಿಯುವವರ ಟ್ರಂಪೆಟ್ಟಿನ ಜೊತೆ ಸಾಮಾನ್ಯವಾಗಿ ಬರುವ 7ಸಿ ಎಂಬ ಗುರುತು ಈ ಪದ್ಧತಿಯದೇ. ಬಾಕ್ 1976ರಲ್ಲಿ ತೀರಿಕೊಂಡರು. ಲೇಥ್ ಹಿಡಿದವನೊಬ್ಬ ಸಂಗೀತಕ್ಕೆ ಏನು ಕೊಡಬಲ್ಲನೆಂಬುದಕ್ಕೆ ನಾನು ಅವರನ್ನು ನೆನೆಯುತ್ತೇನೆ. ನಮ್ಮ ದೇಶದಲ್ಲಿ ಬ್ಯಾಂಡ್ ವಾದ್ಯಗಳ ತಯಾರಿಕೆಗೆ ಮೀರತ್ ನಗರ ಹೆಸರಾಗಿದೆ. ಅಲ್ಲಿಯ ನಾದಿರ್ ಅಲಿ ಕಂಪನಿ 1885ರಷ್ಟು ಹಳೆಯದು.

ಮೌತ್‌ಪೀಸು ಬೆಳ್ಳಿಯದೋ ಹಿತ್ತಾಳೆಯದೋ ಎಂಬುದರ ಮೇಲೆ ದನಿ ಹೆಚ್ಚು ಅವಲಂಬಿಸಿಲ್ಲ. ಒಳಗಿನ ಆಕಾರವೇ ಮುಖ್ಯ. ಆದರೆ ತುಟಿಯ ಆರೋಗ್ಯಕ್ಕೆ ಲೇಪ ಬೇಕು. ಲೇಥಿನಲ್ಲಿ ಸುಲಭವಾಗಿ ಕಡೆಯಲೆಂದು ಹಿತ್ತಾಳೆಗೆ ತುಸು ಸೀಸ ಬೆರೆಸಿರುತ್ತಾರೆ, ಬೆವರಿಗೆ ಅದು ಕಿಲುಬನ್ನೂ ಹಿಡಿಯುತ್ತದೆ. ಮಾಮಾನ ಮೌತ್‌ಪೀಸಿಗೆ ನಾನು ಬೆಳ್ಳಿಯ ನೀರು ಕೊಡಿಸಿದ್ದೆ. ಅವರು ತೀರಿಕೊಂಡ ಮೇಲೆ ಅದು ನನ್ನ ಬಳಿ ಬಂದಿದೆ.

ಇನ್ನು ಶಾಲೆಯ ಮಾತು. ಮುಖ್ಯೋಪಾಧ್ಯಾಯರ ಅನುಮತಿಯಿಂದ ಕಳೆದ ತಿಂಗಳು ಬ್ಯಾಂಡಿನ ಕಪಾಟು ತೆರೆದು ನೋಡಿದೆ. ಆರು ಬಿಗುಲ್, ಎರಡು ಟ್ರಂಪೆಟ್, ಒಂದು ಯೂಫೋನಿಯಂ ಇವೆ. ಕೊಳವೆಗಳಲ್ಲಿ ಸಣ್ಣಪುಟ್ಟ ತಗ್ಗು ಬಿದ್ದಿವೆಯೇ ಹೊರತು ತೂತು ಇಲ್ಲ, ವಾಲ್ವುಗಳು ಎಣ್ಣೆ ಕಂಡರೆ ನಡೆಯುತ್ತವೆ. ಕೆಟ್ಟಿರುವುದು ಮೌತ್‌ಪೀಸುಗಳು. ಮೂರು ಬಿಗುಲುಗಳ ಅಂಚು ನೆಲಕ್ಕೆ ಬಿದ್ದು ಚಪ್ಪಟೆಯಾಗಿದೆ. ಒಂದರ ಗಂಟಲು ಕಿಲುಬಿನಿಂದ ಅರ್ಧ ಮುಚ್ಚಿದೆ. ಒಂದು ಟ್ರಂಪೆಟ್ಟಿಗೆ ಕಾರ್ನೆಟ್ಟಿನ ಸಪೂರ ಬಾಲದ ಮೌತ್‌ಪೀಸನ್ನು ಕಾಗದ ಸುತ್ತಿ ಸಿಕ್ಕಿಸಲಾಗಿದೆ. ಆ ಸಂದಿಯಲ್ಲಿ ಗಾಳಿ ಸೋರುತ್ತದೆ, ಶ್ರುತಿಯೂ ಕೆಡುತ್ತದೆ. ನಮ್ಮ ಕಾಲದಲ್ಲಿ ಬಿಗುಲಿನಿಂದ ದನಿ ತೆಗೆಯಲಾಗದ ಹುಡುಗನಿಗೆ "ಇದು ನಿನ್ನ ಬಾಯಿಗೆ ಬರೂದಲ್ಲ" ಎಂದು ಹೇಳಿ ಡ್ರಮ್ಮಿನ ಕಡೆಗೆ ಕಳಿಸುವ ರೂಢಿಯಿತ್ತು. ಅವರಲ್ಲಿ ಎಷ್ಟು ಮಂದಿಯ ಬಾಯಿ ಸರಿಯಾಗಿಯೇ ಇತ್ತೋ ಎಂದು ಕಪಾಟಿನ ಮುಂದೆ ನಿಂತಾಗ ಅನ್ನಿಸಿತು.

ಕಿಲುಬು ಹಿಡಿದದ್ದನ್ನು ಉಗುರುಬೆಚ್ಚಗಿನ ಸಾಬೂನು ನೀರಿನಲ್ಲಿ ನೆನೆಯಿಟ್ಟು ಸಣ್ಣ ಬ್ರಷ್ಷಿನಿಂದ ತೊಳೆದೆ. ಎಂಟನೆಯ ತರಗತಿಯ ಬಾಲಕಿಯೊಬ್ಬಳು ಕುತೂಹಲದಿಂದ ನೋಡುತ್ತಿದ್ದಳು. ತೊಳೆದು ಕೊಟ್ಟ ಬಿಗುಲಿನಿಂದ ಆಕೆ ಮೂರನೆಯ ಪ್ರಯತ್ನದಲ್ಲಿ ಷಡ್ಜವನ್ನೂ ಅನಂತರ ಪಂಚಮವನ್ನೂ ತೆಗೆದಳು. ತರಗತಿಯ ಕಿಟಕಿಗಳಲ್ಲಿ ಒಮ್ಮೆಗೇ ಹತ್ತಾರು ಮುಖಗಳು ಮೂಡಿದವು.

ಆದುದರಿಂದ ಮಹೋತ್ಸವ ಸಮಿತಿಗೂ ಹಳೆಯ ವಿದ್ಯಾರ್ಥಿ ಬಾಂಧವರಿಗೂ ನನ್ನ ವಿನಂತಿ ಇಷ್ಟು. ವಾದ್ಯಗಳನ್ನು ಗುಜರಿಗೆ ಕೊಡುವುದು ಬೇಡ. ಹೊಸ ವಾದ್ಯಗಳ ಬೆಲೆಯಲ್ಲಿ ಒಂದು ಸಣ್ಣ ಅಂಶ ಖರ್ಚು ಮಾಡಿದರೆ ಒಂಬತ್ತಕ್ಕೂ ತಕ್ಕ ಮೌತ್‌ಪೀಸ್ ಒದಗುತ್ತವೆ. ಮಕ್ಕಳು ಒಬ್ಬರ ಎಂಜಲನ್ನು ಇನ್ನೊಬ್ಬರು ಊದದಂತೆ, ಕಲಿಯುವ ಪ್ರತಿಯೊಬ್ಬರಿಗೂ ಅವರವರದೇ ಮೌತ್‌ಪೀಸ್ ಇರಲಿ. ಚಪ್ಪಟೆಯಾದ ಅಂಚುಗಳನ್ನು ನೇರ್ಪಡಿಸಿ ಕೊಡುವ ಕೆಲಸ ನನ್ನದು. ಅದಕ್ಕೆ ಕೂಲಿ ಬೇಡ. ಮಗುವಿನ ತುಟಿ, ಹಲ್ಲು ನೋಡಿ ಅಳತೆ ಆರಿಸಬೇಕೇ ಹೊರತು, ಇರುವ ಅಳತೆಗೆ ಮಗುವನ್ನು ಹೊಂದಿಸಬಾರದು.

ಗಡಿನಾಡಿನ ಶಾಲೆಯ ಬಗ್ಗೆ ಬರೆಯುವಾಗ ಈ ಮಾತು ಇನ್ನೂ ಒಂದು ಅರ್ಥವನ್ನು ಪಡೆಯುತ್ತದೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ, ಕಚೇರಿಯಲ್ಲಿ ಮತ್ತೊಂದು ಭಾಷೆ ಆಡುತ್ತ ಬೆಳೆದವರು ನಾವು. ನಮ್ಮೊಳಗೆ ಉಸಿರು ಇತ್ತು, ಹೊರಗೆ ಜಗತ್ತೆಂಬ ಉದ್ದನೆಯ ನಾಳವೂ ಇತ್ತು. ನಡುವೆ ನಮ್ಮ ತುಟಿಯ ಅಳತೆಗೆ ಒಪ್ಪುವಂತಹದೊಂದು ಬೇಕಾಗಿತ್ತು. ಅನುನಾದ ಎಂಬ ಶಬ್ದವನ್ನು ಬಿಡಿಸಿ ಹೇಳಿದ ಆ ತರಗತಿ ನನಗೆ ಅದನ್ನು ಕೊಟ್ಟಿತು. ಮುಂದೆ ಮರಾಠಿಯಲ್ಲಿ ಕೆಲಸ ಕಲಿತೆ, ಇಂಗ್ಲಿಷಿನ ನಕ್ಷೆಗಳನ್ನು ಓದಿದೆ. ಯಾವುದೂ ಕಠಿಣವೆನಿಸಲಿಲ್ಲ, ಏಕೆಂದರೆ ತಿಳಿದುಕೊಳ್ಳುವುದೆಂದರೇನೆಂದು ಮೊದಲೇ ನನ್ನ ಭಾಷೆಯಲ್ಲಿ ತಿಳಿದಿತ್ತು. ಐವತ್ತು ವರ್ಷಗಳಿಂದ ಈ ಕೆಲಸವನ್ನು ಸದ್ದಿಲ್ಲದೆ ಮಾಡುತ್ತ ಬಂದ ನಮ್ಮ ಶಾಲೆ ನೂರರ ಹಬ್ಬವನ್ನೂ ಕಾಣಲಿ. ಆ ದಿನದ ಮೆರವಣಿಗೆಯ ಮುಂದೆ ಶಾಲೆಯ ಮಕ್ಕಳ ಬ್ಯಾಂಡೇ ನಡೆಯಲಿ ಎಂದು ಹಾರೈಸುತ್ತೇನೆ.